ಹೊಗೆಯಷ್ಟು ಮೂಳೆ

ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದ ಜಾಗದಲ್ಲಿ ಅವಳಿಗೆ ಮೊದಲು ಏನೂ ಕಾಣಲಿಲ್ಲ. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಎಕ್ಸ್‌ರೇ ಹಾಳೆಯಲ್ಲಿ ಮಗಳ ಎಡಗಾಲು ಎಂಟು ತಿಂಗಳಿಂದ ಇದ್ದ ಹಾಗೇ ಇತ್ತು: ಮೊಣಕಾಲಿನಿಂದ ಇಳಿದು ಬಂದ ಮೇಲಿನ ತುಂಡು, ಪಾದದಿಂದ ಏರಿ ಬಂದ ಕೆಳಗಿನ ತುಂಡು, ಎರಡನ್ನೂ ಪೋಣಿಸಿಕೊಂಡು ನಿಂತ ಸರಳಿನ ಅಚ್ಚ ಬಿಳುಪು, ನಡುವೆ ಆ ಕಪ್ಪು ಬಿರುಕು. ಆ ಬಿರುಕು ಅವಳಿಗೆ ತನ್ನ ಅಂಗೈ ಗೆರೆಗಳಿಗಿಂತ ಪರಿಚಿತ. ಎರಡು ಸಲ ಪ್ಲಾಸ್ಟರ್, ಒಂದು ಸಲ ಆಪರೇಷನ್, ಆರು ಎಕ್ಸ್‌ರೇ. ಪ್ರತಿ ಸಲವೂ ಡಾಕ್ಟರು ತುಟಿ ಒತ್ತಿ ಹಿಡಿದು 'ಇನ್ನೊಂದು ತಿಂಗಳು ನೋಡೋಣ' ಎಂದಾಗ ಅವಳು, ನರ್ಸಿಂಗ್ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮೂಳೆಯ ಪಾಠ ಹೇಳಿಕೊಂಡು ಬಂದವಳು, ಹುಡುಗಿಯರ ಬಾಯಲ್ಲಿ 'ಮೂಳೆ ಮೇಡಂ' ಎಂದೇ ಹೆಸರಾದವಳು, ನಪಾಸಾದ ವಿದ್ಯಾರ್ಥಿನಿಯ ಹಾಗೆ ತಲೆ ತಗ್ಗಿಸಿ ಎದ್ದು ಬರುತ್ತಿದ್ದಳು.

"ಬಿರುಕಿನ ಒಳಗಲ್ಲ, ಪಕ್ಕದಲ್ಲಿ ನೋಡಿ," ಎಂದರು ಡಾಕ್ಟರು. "ಹೊಗೆ ಆಡಿದ ಹಾಗಿಲ್ವಾ?"

ಇತ್ತು. ಯಾರೋ ಉಸಿರು ಬಿಟ್ಟು ಗಾಜು ಮಸುಕಾದಷ್ಟು, ಸೀಮೆಸುಣ್ಣದ ಬೆರಳಲ್ಲಿ ಕಪ್ಪು ಹಲಗೆಯನ್ನು ಅಪ್ಪಿತಪ್ಪಿ ಮುಟ್ಟಿದಷ್ಟು. ಮೇಲಿನ ತುಂಡಿನ ಅಂಚಿನಿಂದ ಹೊರಟು ಬಿರುಕನ್ನು ಹೊರಗಿನಿಂದ ಬಳಸಿಕೊಂಡು ಕೆಳಗಿನ ತುಂಡಿನ ಕಡೆ ಹೋಗಿ, ಇನ್ನೇನು ಮುಟ್ಟಬೇಕು ಎನ್ನುವಲ್ಲಿ ನಿಂತಿತ್ತು.

"ಕೂಡ್ತಾ ಇದೆ," ಎಂದರು ಡಾಕ್ಟರು. "ಇನ್ಮೇಲೆ ಕಾಲಿಗೆ ಭಾರ ಬೀಳಬೇಕು. ಸದ್ಯಕ್ಕೆ ಹದಿನೈದು ಕೆ.ಜಿ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ. ಭಾರ ಬೀಳದ ಮೂಳೆ ಸೋಮಾರಿ ಆಗುತ್ತೆ. ನಿಮಗೆ ನಾನು ಹೇಳಬೇಕಾ!"

"ಹದಿನೈದೇ ಅಂತ ಕಾಲಿಗೆ ಹೇಗೆ ಗೊತ್ತಾಗುತ್ತೆ?" ಎಂದಳು ಮಗಳು. ಹದಿನೇಳು ವರ್ಷಕ್ಕೇ ಅಪ್ಪನನ್ನು ಮೀರಿ ಬೆಳೆದದ್ದಕ್ಕೆ ಮನೆಯಲ್ಲಿ ಅವಳನ್ನು ಏಣಿ ಎಂದು ಕರೆಯುತ್ತಿದ್ದರು. ಈಗ ಪರೀಕ್ಷೆಯ ಮಂಚದ ಮೇಲೆ ಏಣಿಯನ್ನು ಅಡ್ಡ ಮಲಗಿಸಿದ ಹಾಗೇ ಮಲಗಿದ್ದಳು.

"ತೂಕದ ಯಂತ್ರದ ಮೇಲೆ ಪಾದ ಇಟ್ಟು ಒತ್ತಿ ನೋಡ್ಕೋ. ನಾಲ್ಕು ದಿನಕ್ಕೆ ಕಾಲೇ ಕಲಿತುಕೊಳ್ಳುತ್ತೆ."

ಆಗ ತಾಯಿಯ ಗಂಟಲಿನಿಂದ ಬಿಕ್ಕಳಿಕೆಯಂಥ ಒಂದು ನಗು ಹೊರಬಿತ್ತು. ಡಾಕ್ಟರು ತಿರುಗಿ ನೋಡಿದರು. ಅವಳು ಕ್ಷಮಿಸಿ ಎನ್ನಲು ಬಾಯಿ ತೆರೆದಳು. ಕ್ಷಮೆಯ ಬದಲು ಇನ್ನೊಂದು ನಗು ಬಂತು. ಗಂಡ ಮೆಲ್ಲಗೆ ಅವಳ ಮೊಣಕೈ ಮುಟ್ಟಿದ. ಅವಳಿಗೆ ಆ ಕೋಣೆಯಲ್ಲಿ ಇನ್ನು ಒಂದು ನಿಮಿಷ ನಿಂತರೆ ಆ ಬಿಳಿ ಕೋಟಿನ ಮನುಷ್ಯನ ಎರಡೂ ಕಿವಿ ಹಿಡಿದು ಮುದ್ದು ಮಾಡಿಬಿಡುತ್ತೇನೆ ಎಂದು ನಿಜವಾಗಿ ಭಯವಾಯಿತು. ಮಾತ್ರೆಯ ಚೀಟಿ, ಎಕ್ಸ್‌ರೇ ಹಾಳೆ, ನೀರಿನ ಬಾಟಲಿ, ತನ್ನ ಪಾಠದ ನೋಟ್‌ಬುಕ್ಕು, ಎಲ್ಲವನ್ನೂ ಎರಡು ಚೀಲಗಳಿಗೆ ಸಿಕ್ಕ ಹಾಗೆ ತುರುಕಿ, ಅವರಿಬ್ಬರು ಲಿಫ್ಟಿಗೆ ಕಾಯುತ್ತಿರುವಾಗ ತಾನು ಮೆಟ್ಟಿಲಲ್ಲೇ ಇಳಿದಳು. ಇಳಿದಳೋ ಹಾರಿದಳೋ. ನಲವತ್ತಾರು ವರ್ಷದ ಮೊಣಕಾಲುಗಳು ಚಟಕ್ ಚಟಕ್ ಎಂದವು. ಅನ್ನಲಿ ಬಿಡು, ಅಲ್ಲಿ ಮೂಳೆಗಳ ತುದಿಗೆ ಗಾಜಿನಂತೆ ನುಣುಪಾದ ಮೃದ್ವಸ್ಥಿ ಇದೆ, ಸವೆದಿದ್ದರೂ ಇದೆ, ಇವತ್ತಿಗೆ ಸಾಕು.

ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಗಂಡ ಊರುಗೋಲುಗಳನ್ನು ಹಿಂದೆ ಇಡುತ್ತಿದ್ದ, ಚಾಲಕ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತ ಹುಡುಗಿಯನ್ನು ಕನ್ನಡಿಯಲ್ಲಿ ನೋಡಿ, ಏನಾಯ್ತಮ್ಮ ಕಾಲಿಗೆ, ಎಂದು ಕೇಳಿದ.

"ನಾಯಿ," ಎಂದಳು ಏಣಿ.

"ಕಚ್ತಾ?"

"ಅಡ್ಡ ಬಂತು. ಅಮ್ಮ ಸ್ಕೂಟರ್ ಓಡಿಸ್ತಿದ್ಲು, ನಾನು ಹಿಂದೆ. ಬಿಳಿ ನಾಯಿ, ಒಂದು ಕಿವಿ ಮಾತ್ರ ಕಂದು, ಮೋಟು ಬಾಲ. ರಸ್ತೆ ಮಧ್ಯ ಬಂದು ನಿಂತ್ಕೊಂಡು ನಮ್ಮನ್ನೇ ನೋಡ್ತು. ಏನೋ ಹೇಳೋಕೆ ಬಂದು ಮರೆತುಬಿಟ್ಟ ಹಾಗೆ."

ಮರೆತುಬಿಟ್ಟ ಹಾಗೆ ಎನ್ನುವುದು ಇವತ್ತಿನ ಹೊಸ ಸೇರ್ಪಡೆ. ಬಿಳಿ ಬಣ್ಣ ಮೊದಲ ವಾರದಲ್ಲೇ ಬಂದಿತ್ತು, ಕಂದು ಕಿವಿ ಪಕ್ಕದ ಮನೆಯ ಅಜ್ಜಿ ನೋಡಲು ಬಂದಾಗ, ಮೋಟು ಬಾಲ ಆಪರೇಷನ್ನಿನ ಹಿಂದಿನ ದಿನ. ನಾಯಿ ಎಂಬ ಒಂದೇ ಪದವನ್ನು ಹುಟ್ಟಿಸಿದವಳು ಅವಳು, ತಾಯಿ. ಬಿದ್ದ ಸ್ಕೂಟರಿನ ಪಕ್ಕ ಜನ ಸೇರಿ ಏನಾಯ್ತು ಏನಾಯ್ತು ಎಂದಾಗ ಬಾಯಿಗೆ ಬಂದ ಮೊದಲ ಪ್ರಾಣಿ ಅದು. ನಾಯಿ ಇರಲಿಲ್ಲ. ಬೆಕ್ಕೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ರಸ್ತೆ ಅಂಗೈಯ ಹಾಗೆ ಖಾಲಿ ಇತ್ತು. ಹಿಂದೆ ಕೂತ ಮಗಳು, 'ಅಮ್ಮಾ, ನೀನು ಕ್ಲಾಸಲ್ಲಿ ಬರೀ ಹಳೇ ನೋಟ್ಸ್ ಓದ್ತೀಯಂತೆ, ಹುಡುಗಿಯರೆಲ್ಲ ಮಲಗ್ತಾರಂತೆ, ನನ್ನ ಫ್ರೆಂಡ್ ಅಕ್ಕ ಹೇಳಿದ್ಲು, ಒಬ್ಳು ಗೊರಕೆ ಬೇರೆ ಹೊಡೆದ್ಲಂತೆ' ಎಂದು ಕಿವಿಯ ಹತ್ತಿರ ನಗುತ್ತಿದ್ದಳು. ಅವಳು ಎಡಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಹಿಂದಕ್ಕೆ ಬೀಸಿದ್ದಳು. ಹೊಡೆಯಲಿಕ್ಕೆ. ತಮಾಷೆಗಲ್ಲ, ಹೊಡೆಯಲಿಕ್ಕೇ. ಕೈಗೆ ಮಗಳು ಸಿಗಲಿಲ್ಲ, ಆಕಾಶ ಸಿಕ್ಕಿತು, ಆಮೇಲೆ ಟಾರು. ಆ ದಿನದಿಂದ ಮಗಳು ಒಮ್ಮೆಯೂ ನಾಯಿ ಇರಲಿಲ್ಲ ಎಂದಿಲ್ಲ. ಬಂದವರೆಲ್ಲರಿಗೂ ಹೇಳುತ್ತಾಳೆ, ಹೇಳುವಾಗ ತಾಯಿಯ ಕಡೆ ನೋಡುವುದಿಲ್ಲ, ಪ್ರತಿ ಸಲ ಒಂದು ಕೂದಲೋ ಕಿವಿಯೋ ಸೇರಿಸುತ್ತಾಳೆ. ಅದು ಕ್ಷಮೆಯೋ ಚುಚ್ಚುವುದೋ ತಾಯಿಗೆ ಇಷ್ಟು ದಿನವಾದರೂ ಗೊತ್ತಾಗಿರಲಿಲ್ಲ.

"ಆ ನಾಯಿ ನನ್ನ ಕೈಗೆ ಸಿಗಬೇಕಿತ್ತು," ಎಂದ ಗಂಡ, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಳ್ಳುತ್ತ. ಅವನು ದರ್ಜಿ, ಸೂಜಿಯ ಕಣ್ಣಿಗಿಂತ ದೊಡ್ಡ ಜಗಳ ಮಾಡಿದವನಲ್ಲ. ಆದರೆ ನಾಯಿಯ ವಿಷಯದಲ್ಲಿ ಬೇರೆಯೇ ಮನುಷ್ಯನಾಗಿದ್ದ. ನಗರಸಭೆಗೆ ಅರ್ಜಿ ಬರೆದಿದ್ದ, ಬೀದಿಯವರ ಸಹಿ ಹಾಕಿಸಿದ್ದ. ಅವರ ಗಾಡಿ ಬಂದು ಮೂರು ನಾಯಿಗಳನ್ನು ಹಿಡಿದುಕೊಂಡು ಹೋಗಿತ್ತು. ಮೂರರಲ್ಲಿ ಒಂದೂ ಬಿಳಿಯದಲ್ಲ. ಹತ್ತು ದಿನದ ಮೇಲೆ ಸಂತಾನಹರಣ ಮಾಡಿ, ಚುಚ್ಚುಮದ್ದು ಹಾಕಿ, ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿ ತಂದು ಬಿಟ್ಟಿದ್ದರು. ಇವನು ಈಗಲೂ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಆ ಮೂರಕ್ಕೂ ಕಲ್ಲು ಎತ್ತಿ ತೋರಿಸುತ್ತಾನೆ. ಎಸೆಯುವುದಿಲ್ಲ, ತೋರಿಸುತ್ತಾನೆ.

ಅವಳು ಒಂದು ಚೀಲವನ್ನು ಕಿಟಕಿಯಿಂದ ಮಗಳ ಮಡಿಲಿಗೆ ಹಾಕಿ, ಕೈ ಬೀಸಿ ಟ್ಯಾಕ್ಸಿಯನ್ನು ಕಳಿಸಿ ಬಸ್ಸು ಹತ್ತಿದಳು. ಹನ್ನೊಂದಕ್ಕೆ ಮೊದಲ ವರ್ಷದ ತರಗತಿ: ಮೂಳೆ ಮತ್ತು ಮೃದ್ವಸ್ಥಿ, ರಚನೆ, ವಿಧಗಳು, ಬೆಳವಣಿಗೆ. ಪ್ರತಿ ವರ್ಷ ಇದೇ ತಿಂಗಳಲ್ಲಿ ಬರುವ ಪಾಠ. ಬಸ್ಸಿನಲ್ಲಿ ಜಾಗವಿರಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತಳು. ಹಿಡಿದು ನಿಂತವಳಿಗೆ ಹಠಾತ್ತನೆ ಬಸ್ಸಿನ ತುಂಬ ಮೂಳೆಗಳೇ ಕಂಡವು. ಎದುರಿನ ದಪ್ಪ ಮನುಷ್ಯನೊಳಗೆ ಸಣಕಲು ಹಂದರವೊಂದು ಆಫೀಸಿಗೆ ಹೊರಟಿತ್ತು. ಕಿಟಕಿಯ ಬಳಿಯ ಹೆಂಗಸು ಯಾರ ಬಗ್ಗೆಯೋ ಫೋನಿನಲ್ಲಿ ಮಾತಾಡುತ್ತ ಮೂಗು ಮುರಿದಳು, ಮುರಿದ ಮೂಗು ತಕ್ಷಣ ಸರಿಹೋಯಿತು, ಯಾಕೆಂದರೆ ಅದರ ತುದಿಯಲ್ಲಿ ಮೂಳೆ ಇಲ್ಲ. ಶಾಲೆಯ ಚೀಲ ಹೊತ್ತ ಒಂದು ಹುಡುಗಿಯನ್ನು ನೋಡಿ, ನಿನ್ನೊಳಗೆ ನನಗಿಂತ ಜಾಸ್ತಿ ಮೂಳೆ ಇವೆ ಗೊತ್ತಾ, ಬಿಡಿಬಿಡಿಯಾಗಿ ಹುಟ್ಟಿ ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ದೊಡ್ಡವರಾಗೋದು ಅಂದರೆ ಲೆಕ್ಕ ಕಮ್ಮಿ ಆಗೋದು, ಎಂದು ಹೇಳಬೇಕೆನಿಸಿತು. ಹೇಳಿಯೂಬಿಟ್ಟಳೇನೋ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಬ್ರೇಕು ಬಿತ್ತು. ಅವಳು ಕಂಬಿಗೆ ಜೋತುಬಿದ್ದು ಅರ್ಧ ಸುತ್ತು ತಿರುಗಿ ಯಾರದೋ ಕಾಲು ತುಳಿದಳು.

"ಕಣ್ಣು ಕಾಣಲ್ವೇನ್ರಿ?"

"ಕಾಣುತ್ತೆ," ಎಂದಳು ಅವಳು ಸಂತೋಷದಿಂದ. "ಇವತ್ತು ತುಂಬಾ ಚೆನ್ನಾಗಿ ಕಾಣ್ತಿದೆ."

ತರಗತಿಯಲ್ಲಿ ಅರವತ್ತು ಹುಡುಗಿಯರು ಎದ್ದು ನಿಂತು ಕೂತರು. ಅವಳು ಮೇಜಿನ ಹಿಂದೆ ನಿಂತು, ಚೀಲದಿಂದ ಹಳದಿ ಬಣ್ಣಕ್ಕೆ ತಿರುಗಿದ ಆ ನೋಟ್‌ಬುಕ್ಕು ತೆಗೆಯಲು ಕೈ ಹಾಕಿದಳು. ಕೈಗೆ ಬಂದದ್ದು ಎಕ್ಸ್‌ರೇ ಹಾಳೆ. ಚೀಲ ಬೋರಲು ಹಾಕಿದಳು: ಮಾತ್ರೆ ಚೀಟಿ, ನೀರಿನ ಬಾಟಲಿ. ನೋಟ್‌ಬುಕ್ಕು ಟ್ಯಾಕ್ಸಿ ಹತ್ತಿ ಮನೆಗೆ ಹೋಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅದಿಲ್ಲದೆ ಅವಳು ಈ ಕೋಣೆಯಲ್ಲಿ ಬಾಯಿ ತೆರೆದಿರಲಿಲ್ಲ. ಮುಂದಿನ ಬೆಂಚಿನವರು ಆಗಲೇ ತಲೆ ಬಗ್ಗಿಸಿ ಪೆನ್ನು ಹಿಡಿದು, ಅವಳು ಓದುವುದನ್ನು ಬರೆದುಕೊಳ್ಳಲು ಕಾಯುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಉದ್ದ ಜಡೆಯ ಹುಡುಗಿ, ಗೊರಕೆಯ ಮಾತು ನೆನಪಾದಾಗೆಲ್ಲ ಅವಳಿಗೆ ಅನುಮಾನ ಬರುತ್ತಿದ್ದ ಹುಡುಗಿ, ಕೆನ್ನೆಗೆ ಕೈ ಕೊಟ್ಟು ಮಲಗುವ ಸಿದ್ಧತೆಯಲ್ಲಿದ್ದಳು.

"ಎಲ್ಲರೂ ನಿಮ್ಮ ನಿಮ್ಮ ಕಿವಿ ಹಿಂಡಿಕೊಳ್ಳಿ," ಎಂದಳು ಅವಳು.

ಯಾರೂ ಅಲ್ಲಾಡಲಿಲ್ಲ.

"ತಪ್ಪು ಮಾಡಿದೀರಿ ಅಂತಲ್ಲ. ಹಿಂಡಿ. ಮಡಚಿ. ಈಗ ಬಿಡಿ. ಏನಾಯ್ತು? ಮೊದಲಿದ್ದ ಹಾಗೇ ನಿಂತ್ಕೊಳ್ತಲ್ಲ? ಅದು ಒಂದು ಥರದ ಮೃದ್ವಸ್ಥಿ, ಸ್ಪ್ರಿಂಗಿನಂಥದ್ದು. ಅದಿಲ್ಲದೆ ಇದ್ದಿದ್ರೆ ನಮ್ಮ ಮೇಷ್ಟ್ರುಗಳು ಹಿಂಡಿದ ಹಿಂಡಿಗೆ ನನ್ನ ಕಿವಿ ಇಷ್ಟೊತ್ತಿಗೆ ಒಣಗಿದ ಎಲೆ ಥರ ಮುದುಡಿಕೊಂಡಿರಬೇಕಿತ್ತು. ಈಗ ಮೂಗಿನ ತುದಿ ಮುಟ್ಟಿಕೊಳ್ಳಿ. ಅದು ಇನ್ನೊಂದು ಥರ, ನುಣುಪು. ಕೀಲುಗಳಲ್ಲಿ ಇರೋದೂ ಅದೇ. ಮೂರನೇದು ಬೆನ್ನುಮೂಳೆಯ ಬಿಲ್ಲೆಗಳ ಮಧ್ಯ, ಬಿಗಿಯಾಗಿ ನಾರು ತುಂಬಿದ ದಿಂಬು. ರಾತ್ರಿಯೆಲ್ಲ ನೀವು ಮಲಗಿದಾಗ ಆ ದಿಂಬುಗಳು ನೀರು ಕುಡಿದು ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನೀವೆಲ್ಲ ಒಂದು ಸೆಂಟಿಮೀಟರು ಉದ್ದ. ಸಂಜೆಗೆ ಮತ್ತೆ ಗಿಡ್ಡ. ಹುಡುಗ ನೋಡೋಕೆ ಬರ್ತಾನೆ ಅಂದ್ರೆ ಬೆಳಿಗ್ಗೆಯೇ ಬರೋಕೆ ಹೇಳಿ."

ಮೊದಲು ಒಬ್ಬಳು, ಆಮೇಲೆ ಒಂದು ಬೆಂಚು, ಆಮೇಲೆ ಇಡೀ ಕೋಣೆ ನಕ್ಕಿತು. ಆ ಸದ್ದು ಅವಳ ಎದೆಗೆ ಬಂದು ಬಡಿಯಿತು. ಪಕ್ಕೆಲುಬುಗಳು ಮುಂದೆ ಎದೆಗೂಡಿಗೆ ಸೇರುವಲ್ಲಿ ಮೂಳೆಯಾಗದೆ ಮೃದ್ವಸ್ಥಿಯಾಗಿಯೇ ಉಳಿದಿರುವುದು ಇದಕ್ಕೇ ಇರಬೇಕು, ಉಬ್ಬಿದರೆ ಒಡೆಯದಿರಲಿ ಎಂದು. ಅವಳು ಮೇಜಿನ ಹಿಂದಿನಿಂದ ಈಚೆ ಬಂದಳು. ಬಂದು ಏನು ಮಾಡುವುದೆಂದು ತಿಳಿಯದೆ ಮೇಜಿನ ಮೇಲೆಯೇ ಹತ್ತಿ ಕೂತಳು. ಉದ್ದ ಮೂಳೆ, ಗಿಡ್ಡ ಮೂಳೆ, ಚಪ್ಪಟೆ ಮೂಳೆ, ಯಾವ ಆಕಾರಕ್ಕೂ ಒಗ್ಗದ ಸೊಟ್ಟ ಮೂಳೆ, ಪ್ರತಿಯೊಂದಕ್ಕೂ ತನ್ನ ಮೈಮೇಲೆಯೇ ಜಾಗ ತೋರಿಸುತ್ತ ಹೋದಳು. ಹೊರಗೆ ದಂತದಂತೆ ಗಟ್ಟಿ, ಒಳಗೆ ಜೇನುಗೂಡು. ಜೇನುಗೂಡಿನ ಎಳೆಗಳು ಮನಸ್ಸು ಬಂದ ಕಡೆ ಹೋಗುವುದಿಲ್ಲ, ಭಾರ ಯಾವ ದಾರಿಯಲ್ಲಿ ಇಳಿಯುತ್ತದೋ ಅದೇ ದಾರಿಯಲ್ಲಿ ನಿಲ್ಲುತ್ತವೆ. ಭಾರ ಬದಲಾದರೆ ಹಳೆಯದನ್ನು ತಿಂದುಹಾಕಿ ಹೊಸ ಕಡೆ ಕಟ್ಟುತ್ತವೆ. ಮೂಳೆ ಅಂದರೆ ಕಲ್ಲಲ್ಲ ಕಣ್ರೇ, ದಿನಾ ಕೆಡವಿ ದಿನಾ ಕಟ್ಟೋ ಮನೆ. ಉದ್ದ ಮೂಳೆಯ ತುದಿಯ ಹತ್ತಿರ ಒಂದು ಸಾಲು ಮೃದ್ವಸ್ಥಿ, ಬೆಳೆಯುವುದೆಲ್ಲ ಅಲ್ಲೇ; ಅದು ಮೂಳೆಯಾಗಿ ಮುಗಿದ ದಿನ ನಿಮ್ಮ ಎತ್ತರವೂ ಮುಗಿಯಿತು. "ಆದರೆ ಇಲ್ಲಿ," ಎಂದು ಕತ್ತಿನ ಕೆಳಗೆ ಬೆರಳಿಟ್ಟಳು, "ಈ ಕಾಲರ್ ಬೋನ್ ಇದೆಯಲ್ಲ, ಅಮ್ಮನ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಮೂಳೆ ಆಗೋಕೆ ಶುರು ಮಾಡೋದು ಇದೇ. ಎಲ್ಲಕ್ಕಿಂತ ಕೊನೆಗೆ ಮುಗಿಸೋದೂ ಇದೇ, ಇಪ್ಪತ್ತೈದು ವರ್ಷಕ್ಕೆ. ನೀವು ಅರವತ್ತು ಜನರೂ ಇನ್ನೂ ಮುಗಿದಿಲ್ಲ." ಅರವತ್ತು ಕೈಗಳು ಅರವತ್ತು ಕತ್ತಿನ ಬುಡಕ್ಕೆ ಹೋದವು. ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಯಾರೂ ಮಲಗಿರಲಿಲ್ಲ. ಅವಳ ತಲೆ ಸಣ್ಣಗೆ ಸುತ್ತುತ್ತಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಎಲ್ಲೋ ದೂರದಲ್ಲಿ ನೆನಪಾಯಿತು.

ಅವಳು ಎಕ್ಸ್‌ರೇ ಹಾಳೆಯನ್ನು ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹುಡುಗಿಯರು ಬೆಂಚು ಬಿಟ್ಟು ಬಂದು ಸುತ್ತಲೂ ಮುತ್ತಿದರು. ನನ್ನ ಮಗಳ ಕಾಲು, ಎಂದಳು. ಮುರಿದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತೆ, ಅದರ ಮೇಲೆ ಮೃದ್ವಸ್ಥಿ, ಅದರ ಮೇಲೆ ಎಳೆ ಮೂಳೆ. ಹುಟ್ಟೋಕೆ ಮುಂಚೆ ಹೇಗೆ ಬೆಳೆದಿತ್ತೋ ಅದೇ ಪಾಠ ಮತ್ತೆ ಮೊದಲಿನಿಂದ. ಈ ಹೊಗೆ ನೋಡಿ. ಇದಕ್ಕೆ ಎಂಟು ತಿಂಗಳು ಹಿಡಿಯಿತು.

"ಮೃದ್ವಸ್ಥಿ ಮುರಿದರೂ ಹೀಗೇ ಕೂಡುತ್ತಾ ಮೇಡಂ?" ಮುಂದಿನ ಬೆಂಚಿನವಳು ಕೇಳಿದಳು.

"ಇಲ್ಲ. ಅದರೊಳಗೆ ರಕ್ತ ಹರಿಯಲ್ಲ. ಕತ್ತರಿಸಿದರೆ ಕತ್ತರಿಸಿದ ಹಾಗೇ." ಮೂರು ನಾಯಿಗಳ ಎಡಗಿವಿಗಳು ಕಣ್ಣ ಮುಂದೆ ಬಂದವು. "ಮೂಳೆಗೆ ನೋವಾಗುತ್ತೆ, ರಕ್ತ ಬರುತ್ತೆ. ಅದಕ್ಕೇ ಕೂಡೋದು."

"ಇದು ಹೇಗೆ ಮುರೀತು ಮೇಡಂ?" ಎಂದಳು ಉದ್ದ ಜಡೆ. ಅವಳ ಗಲ್ಲ ಹೆಚ್ಚುಕಡಿಮೆ ಗಾಜಿಗೆ ಒತ್ತಿಕೊಂಡಿತ್ತು, ಕಣ್ಣುಗಳಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

ನಾಯಿ ಎನ್ನಲು ನಾಲಿಗೆ ಮೇಲಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ನಾನು ಮುರಿದೆ."

ಹೇಳಿದ ಮೇಲೆ ಸುಮ್ಮನಾಗಬೇಕಿತ್ತು. ಆದರೆ ಬೆಳಗಿನಿಂದ ಒಳಗೆ ಉಕ್ಕುತ್ತಿದ್ದುದಕ್ಕೆ ಈಗ ಯಾವ ಮುಚ್ಚಳವೂ ಇರಲಿಲ್ಲ. ಸ್ಕೂಟರು, ಖಾಲಿ ರಸ್ತೆ, ಗೊರಕೆಯ ಮಾತು, ಬೀಸಿದ ಕೈ, ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬಂದವು; ಹೇಳುತ್ತ ಹೇಳುತ್ತ ತನ್ನ ಎಡಗೈಯನ್ನು ಬೀಸಿಯೂ ತೋರಿಸಿದಳು, ಹತ್ತಿರ ನಿಂತ ಇಬ್ಬರು ಬಾಗಿ ತಪ್ಪಿಸಿಕೊಂಡರು. "ನಾಯಿ ಅಡ್ಡ ಬಂತು ಅಂತ ಎಲ್ಲರಿಗೂ ಹೇಳಿದ್ದೆ. ನಾಯಿ ಇರಲಿಲ್ಲ."

"ಇರಲಿಲ್ವಾ?"

ಗಂಡು ದನಿ. ಬಾಗಿಲಲ್ಲಿ ಪ್ರಾಂಶುಪಾಲರು ನಿಂತಿದ್ದರು. ಮೂಳೆಯ ತರಗತಿಯಿಂದ ನಗು ಕೇಳಿಸಿತೆಂದು ಏನೋ ಅನಾಹುತವಾಗಿರಬೇಕು ಅಂದುಕೊಂಡು ಓಡಿ ಬಂದಿದ್ದ ಅವರು, ಮೇಜಿನ ಮೇಲೆ ಉಳಿದಿದ್ದ ಅವಳ ಒಂಟಿ ಚಪ್ಪಲಿಯನ್ನೂ ಕಿಟಕಿಯ ಬಳಿ ಇನ್ನೊಂದೇ ಚಪ್ಪಲಿಯಲ್ಲಿ ನಿಂತಿದ್ದ ಅವಳನ್ನೂ ಒಂದಾದಮೇಲೊಂದು ನೋಡಿದರು.

"ಇರಲಿಲ್ಲ ಸರ್."

"ನಾನು ಆ ನಾಯಿ ವಿಷಯ ನಮ್ಮ ತಂಗಿಗೆಲ್ಲ ಹೇಳಿದ್ದೆ," ಎಂದರು ಅವರು, ತುಂಬ ನೊಂದ ದನಿಯಲ್ಲಿ. ಆಮೇಲೆ ತಮ್ಮ ಹುದ್ದೆ ನೆನಪಾಗಿ, "ಗಲಾಟೆ ಸ್ವಲ್ಪ ಕಮ್ಮಿ ಇರಲಿ" ಎಂದು ಹೊರಟುಹೋದರು. ಹೋಗುವಾಗ, ಒಬ್ಬ ಹುಡುಗಿ ಇನ್ನೂ ತನ್ನ ಕಿವಿ ಮಡಚಿ ಬಿಡುತ್ತಿದ್ದುದನ್ನು ನೋಡಿದವರು, ಬಾಗಿಲ ಮರೆಯಲ್ಲಿ ನಿಂತು, ಯಾರಿಗೂ ಕಾಣದೆಂದುಕೊಂಡು, ತಮ್ಮ ಕಿವಿಯನ್ನು ಒಮ್ಮೆ ಮಡಚಿ ಬಿಟ್ಟರು.

ಅವಳಿಗೆ ಭೂಮಿ ಬಾಯಿ ಬಿಡಬೇಕಿತ್ತು ಎನಿಸಬೇಕಿತ್ತು. ಎನಿಸಲಿಲ್ಲ. ಕೆನ್ನೆ ಬಿಸಿಯಾಗಿತ್ತು, ಆದರೂ ಯಾವುದೋ ಎತ್ತರದ ಜಾಗದಲ್ಲಿ ಗಾಳಿಗೆ ಮುಖ ಕೊಟ್ಟು ನಿಂತ ಹಾಗಿತ್ತು.

"ಮನೇಲಿ ಹೇಳಿದೀರಾ ಮೇಡಂ?" ಎಂದಳು ಉದ್ದ ಜಡೆ ಮೆಲ್ಲಗೆ.

"ಇಲ್ಲ."

"ಅಯ್ಯೋ, ನಮಗೇ ಮೊದಲು ಹೇಳಿದ್ರಾ!"

ಆ ಮಾತಿಗೆ ಅವಳು ಗೋಡೆಯ ಗಡಿಯಾರ ನೋಡಿದಳು. ಪ್ರಾಂಶುಪಾಲರ ಎರಡು ಪ್ಯಾಂಟು ಅವಳ ಗಂಡನ ಅಂಗಡಿಯಲ್ಲಿದ್ದವು, ಸೊಂಟ ಸಡಿಲ ಮಾಡುವುದಕ್ಕೆ. ಸಂಜೆ ಐದಕ್ಕೆ ಬಂದು ತೆಗೆದುಕೊಳ್ಳುತ್ತೇನೆ ಎಂದಿದ್ದರು. ಅವರು ತಂಗಿಗೇ ಹೇಳಿದವರು, ದರ್ಜಿಗೆ ಹೇಳದೆ ಬಿಡುತ್ತಾರಾ?

ಅರ್ಧ ದಿನ ರಜೆ ಬರೆದುಕೊಟ್ಟಳು. ಅಭ್ಯಾಸದ ಕೋಣೆಗೆ ಹೋಗಿ, ಹುಡುಗಿಯರು ರೋಗಿಗಳ ತೂಕ ನೋಡುವುದನ್ನು ಕಲಿಯುವ ಆ ಮುಳ್ಳಿನ ಯಂತ್ರವನ್ನು ರಿಜಿಸ್ಟರಿನಲ್ಲಿ ಸಹಿ ಮಾಡಿ ಎತ್ತಿಕೊಂಡಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಸ್ಸು ಗುಂಡಿಗೆ ಇಳಿದಾಗೆಲ್ಲ ಅವಳ ಮೊಣಕೈ ಅದರ ಮೇಲೆ ಊರಿ ಮುಳ್ಳು ನಾಲ್ಕು, ಆರು, ಮೂರು ಎನ್ನುತ್ತಿತ್ತು. ಏನು ಹೇಳುವುದು, ಹೇಗೆ ಶುರು ಮಾಡುವುದು? 'ನೋಡೂ, ಒಂದು ವಿಷಯ' ಎಂದು ಶುರು ಮಾಡಿದರೆ ಅವನು ಹೆದರುತ್ತಾನೆ. ನಕ್ಕು ಹೇಳಿದರೆ? ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನಿಗೆ ಅವಳು ಹೇಳಿದ ದೊಡ್ಡ ಸುಳ್ಳು ಇದೊಂದೇ. ಸಣ್ಣವು ಅವನ ಹೊಲಿಗೆಯ ಬಗ್ಗೆ. ಆಪರೇಷನ್ ಆದ ವಾರ ಅವನು ಮಗಳ ಎಲ್ಲ ಪೈಜಾಮಗಳ ಎಡಗಾಲಿನ ಹೊಲಿಗೆ ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಗುಂಡಿ ಕೂರಿಸಿದ್ದ, ಹದಿನಾಲ್ಕು ಹದಿನಾಲ್ಕು ಗುಂಡಿ, ಒಂದೊಂದು ಪೈಜಾಮಕ್ಕೂ ಹೊಂದುವ ಬಣ್ಣ ಹುಡುಕಿ. ಕಾಜಾ ಹೊಲಿಯುವಾಗ, ಆ ನಾಯಿ ಬಾಯಿ ಹೊಲಿದು ಹಾಕ್ತೀನಿ, ಎಂದು ಗೊಣಗುತ್ತಿದ್ದ. ಅವಳು ಪಕ್ಕದಲ್ಲಿ ಕೂತು ದಾರ ಕತ್ತರಿಸಿ ಕೊಡುತ್ತಿದ್ದಳು. ಒಂದು ಮಾತು ಸಾಕಿತ್ತು ಆಗ.

ಬೀದಿಯ ತಿರುವಿನಲ್ಲಿ ಮೂರರಲ್ಲಿ ಒಂದು ನಾಯಿ ನೆರಳಿನಲ್ಲಿ ಮಲಗಿತ್ತು. ತೂಕದ ಯಂತ್ರ ಹೊತ್ತವಳನ್ನು ನೋಡಿ ಎಡಗಿವಿಯ ಉಳಿದಷ್ಟನ್ನು ಮೇಲೆತ್ತಿತು. ಕ್ಷಮಿಸಪ್ಪ, ಎಂದಳು ಅವಳು ಗಟ್ಟಿಯಾಗಿ. ನಾಯಿ ಹಲ್ಲು ಕಾಣುವಂತೆ ಆಕಳಿಸಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಪ್ರಾಂಶುಪಾಲರ ಪ್ಯಾಂಟಿಗೆ ಹಿಂದಿನಿಂದ ಪಟ್ಟಿ ಸೇರಿಸುತ್ತಿದ್ದ. ಒಳಬಾಗಿಲ ಬಳಿ ಏಣಿ ಎರಡು ಕುರ್ಚಿ ಹಿಡಿದು ಕೂತಿದ್ದಳು, ಒಂದರ ಮೇಲೆ ತಾನು, ಇನ್ನೊಂದರ ಮೇಲೆ ಕಾಲು. ತಾಯಿಯ ಹಳದಿ ನೋಟ್‌ಬುಕ್ಕು ಅವಳ ಮಡಿಲಲ್ಲಿ ತೆರೆದಿತ್ತು.

"ಅಮ್ಮಾ, ಇದನ್ನ ಓದಿದ್ರೆ ನನಗೂ ನಿದ್ದೆ ಬರ್ತಿದೆ," ಎಂದು ಶುರು ಮಾಡಿ, ತಾಯಿಯ ಮುಖ ನೋಡಿ ನಿಲ್ಲಿಸಿದಳು.

ಅವಳು ತೂಕದ ಯಂತ್ರವನ್ನು ನೆಲದ ಮೇಲಿಟ್ಟಳು. "ನಾಯಿ ಇರಲಿಲ್ಲ," ಎಂದಳು. "ನಾನು ಇವಳಿಗೆ ಹೊಡೆಯೋಕೆ ಕೈ ತೆಗೆದೆ, ಗಾಡಿ ಕೈ ತಪ್ತು. ಅಷ್ಟೇ. ನಾಯಿ ಸುಳ್ಳು."

ಗಂಡ ತುಳಿಯುವುದನ್ನು ನಿಲ್ಲಿಸಿದ. ಚಕ್ರ ಇನ್ನೆರಡು ಸುತ್ತು ತಾನಾಗಿ ತಿರುಗಿ ನಿಂತಿತು. ಅವನು ಪ್ಯಾಂಟನ್ನು ಬಿಡಿಸಿಕೊಂಡು, ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ.

"ನಾನು ಬೀದಿಯವರ ಹತ್ರ ಸಹಿ ಹಾಕಿಸಿದ್ದೆ," ಎಂದ. "ನಲವತ್ತು ಸಹಿ."

"ಗೊತ್ತು."

"ಅವುಗಳ ಕಿವಿ ಕತ್ತರಿಸಿದ್ರು."

"ಗೊತ್ತು."

"ನಿನಗೆ ಇಷ್ಟು ದಿನ ಬೇಕಾಯ್ತಾ? ನಾನೇನು ಹೊಡೀತಿದ್ನಾ? ಬೈತಿದ್ನಾ?" ಅವನ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಪಕ್ಕದಲ್ಲಿ ಕೂತು ದಾರ ಕತ್ತರಿಸಿಕೊಟ್ಯಲ್ಲೇ."

ಬೆಳಿಗ್ಗೆಯಿಂದ ತೇಲುತ್ತಿದ್ದ ಅವಳ ಪಾದಗಳು ಈಗ ನೆಲ ಮುಟ್ಟಿ, ನೆಲ ತಣ್ಣಗಿದೆ ಎಂದು ಹೇಳಿದವು. ಆ ಹೊತ್ತಿಗೆ ಕುರ್ಚಿಯ ಮೇಲಿನಿಂದ ಒಂದು ವಿಚಿತ್ರ ಸದ್ದು ಬಂತು. ಏಣಿ ಅಳುತ್ತಿದ್ದಳು. ಆಪರೇಷನ್ನಿನ ದಿನ ಅಳದಿದ್ದವಳು, ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು ಅಳುತ್ತಿದ್ದಳು.

"ಕೈ ಬೀಸಿದ್ದು ನೀನು," ಎಂದಳು ಪುಸ್ತಕದ ಹಿಂದಿನಿಂದ. "ಆದರೆ ಬಾಗಿದ್ದು ನಾನು. ಪೂರ್ತಿ ಪಕ್ಕಕ್ಕೆ ವಾಲಿಬಿಟ್ಟೆ, ಅದಕ್ಕೇ ಗಾಡಿ ಮಗುಚಿದ್ದು. ಸುಮ್ನೆ ಒಂದು ಏಟು ತಿಂದಿದ್ರೆ ಮುಗೀತಿತ್ತು. ಉರಿಸಿದ್ದೂ ನಾನೇ. ಗೊರಕೆ ಅಂತ ಯಾರೂ ಹೇಳಿರಲಿಲ್ಲ, ನಾನೇ ಸೇರಿಸಿದ್ದೆ. ನೀನು ನಾಯಿ ಅಂದೆ ನೋಡು, ನನ್ನ ಹೆಸರು ಹೇಳಲಿಲ್ಲ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ. ಎಲ್ಲಿ ನಿನ್ನ ನಾಯಿ ಸಾಲಲ್ವೋ ಅಂತ ದಿನಾ ಏನಾದ್ರೂ ಸೇರಿಸ್ತಿದ್ದೆ."

ಗೊರಕೆ ಸುಳ್ಳು! ಅವಳು ಮಗಳ ಮುಖದಿಂದ ಪುಸ್ತಕ ಸರಿಸಿದಳು. ಮೂಗು ಕೆಂಪಾಗಿ, ಕಣ್ಣು ಊದಿಕೊಂಡು, ಹದಿನೇಳು ವರ್ಷದ ಆ ಉದ್ದ ಮುಖ ಏಳು ವರ್ಷದ್ದಾಗಿತ್ತು. "ಏಟು ಬಂದ್ರೆ ಯಾರಾದ್ರೂ ಬಾಗ್ತಾರೆ ಕಣೇ," ಎಂದಳು. "ಬಾಗೋಕೇ ಅಲ್ವಾ ಬೆನ್ನುಮೂಳೆ ಇಪ್ಪತ್ತಾರು ತುಂಡಾಗಿ ಇರೋದು." ಏಣಿ ಅಳುವಿನ ನಡುವೆ, ಪಾಠ ಬೇಡಮ್ಮ, ಎಂದಳು. ಅಷ್ಟೇ ಸಾಕಾಯಿತು. ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಹಣೆ ಕೊಟ್ಟು, ಅಳುವುದು ಯಾವುದು ನಗುವುದು ಯಾವುದು ತಿಳಿಯದ ಹಾಗೆ ಕುಲುಕತೊಡಗಿದರು.

ಗಂಡ ಎದ್ದು ಹೊರಗೆ ಹೋಗಿ ಬಾಗಿಲ ಮೆಟ್ಟಿಲ ಮೇಲೆ ನಿಂತ. ಅವನ ಬೆನ್ನು ಕಾಣುತ್ತಿತ್ತು. ಅವಳು ಅವನನ್ನು ಕರೆಯಲಿಲ್ಲ, ಕರೆಯುವ ಮುಖ ಅವಳಿಗೆ ಇರಲಿಲ್ಲ. ತೂಕದ ಯಂತ್ರವನ್ನು ಕುರ್ಚಿಯ ಮುಂದೆ ಸರಿಸಿದಳು. ಮಗಳನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಬಲಗಾಲು ಒಂದು ಹಳೆಯ ದಪ್ಪ ಪುಸ್ತಕದ ಮೇಲೆ, ಎಡ ಪಾದ ಯಂತ್ರದ ಮೇಲೆ. ಕೆಳಗಿನ ನಾಲ್ಕು ಗುಂಡಿ ಬಿಚ್ಚಿದ ಪೈಜಾಮದಿಂದ ಸಣಕಲಾದ ಕಾಲು ಹೊರಗೆ ಬಂತು, ನೆಟ್ಟಗಿನ ಹೊಲಿಗೆಯಂಥ ಗಾಯದ ಗುರುತು.

"ಎಷ್ಟು?" ಎಂದಳು ಏಣಿ. "ಕೆಳಗೆ ನೋಡಿದ್ರೆ ತಲೆ ಸುತ್ತುತ್ತೆ ನನಗೆ."

ಅವಳಿಗೂ ಕಾಣಲಿಲ್ಲ. ಮಗಳ ಭುಜದ ಮೇಲಿಂದ ಬಗ್ಗಿದರೆ ಇಬ್ಬರೂ ಉರುಳುತ್ತಿದ್ದರು. ಆಗ ಬಾಗಿಲಿನಿಂದ ಗಂಡ ಬಂದು, ಯಾರ ಮುಖವನ್ನೂ ನೋಡದೆ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ನೆಲದ ಮೇಲೆ ಮಂಡಿಯೂರಿ ಕೂತ.

"ಮೂರು," ಎಂದ ಒರಟಾಗಿ. "ಒತ್ತು. ಐದು. ಇನ್ನೂ ಸ್ವಲ್ಪ. ಏಳು. ನಗಬೇಡಿ ಇಬ್ರೂ, ಮುಳ್ಳು ನಿಲ್ತಿಲ್ಲ."

"ನಗ್ತಿಲ್ಲ ಅಪ್ಪಾ, ನಡುಗ್ತಿದೀನಿ."

"ಎರಡೂ ನಿಲ್ಲಿಸಿ. ಎಂಟು. ಒಂಬತ್ತು." ಅವನು ಕಾದ. "ಒಂಬತ್ತೇ."

"ಒತ್ತಿದೀನಿ!"

ಗಂಡ ತಲೆಯೆತ್ತಿ ಮೊದಲ ಸಲ ಅವಳನ್ನು ನೋಡಿದ. ಅವಳ ಎರಡೂ ಕೈಗಳು ಮಗಳ ಕಂಕುಳಲ್ಲಿ ಎಷ್ಟು ಬಿಗಿಯಾಗಿದ್ದವೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು.

"ಅರ್ಧ ನೀನೇ ಎತ್ಕೊಂಡಿದೀಯ," ಎಂದ. "ಬಿಡೇ."

ಅವಳು ಬಲಗೈ ತೆಗೆದಳು. ಹನ್ನೊಂದು, ಎಂದ ಅವನು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಕೊನೆಯ ಬೆರಳು ತಾನಾಗಿ ಬರಲಿಲ್ಲ, ಏಣಿಯೇ ಅದನ್ನು ಬಿಡಿಸಿದಳು. ಹನ್ನೆರಡು. ಹದಿಮೂರು. ಹದಿನಾಲ್ಕು.

"ಹದಿನೈದು," ಎಂದ ಗಂಡ ನೆಲದಿಂದ. "ಹಾಗೇ ನಿಲ್ಲು."

ಏಣಿ ನಿಂತಳು. ತಾಯಿ ಅವಳ ಎರಡೂ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ಖಾಲಿ ಗಾಳಿಯನ್ನು ಹಿಡಿದುಕೊಂಡು ನಿಂತಿದ್ದಳು.